ನೇಮಕಾತಿ ಪತ್ರ ಬಂತು, ಕಾಗದಪತ್ರ?

ಪುಣೆ: ಬಿ.ಎಡ್. ಮುಗಿಸಿದ ಶಿವಾಜಿನಗರದ ಕನ್ನಡಿಗರ ಮಕ್ಕಳು ಮೊದಲ ನೌಕರಿಗೇ ಕೊಲ್ಲಿ ದೇಶದ ಶಾಲೆಗಳತ್ತ ನೋಡುವುದುಂಟು. ನೇಮಕಾತಿ ಪತ್ರ ಬಂದ ದಿನ ಪೇಡೆ ಹಂಚುತ್ತೇವೆ. ಕಾಗದಪತ್ರದ ನೆನಪಾಗುವುದು ಆಮೇಲೆ.

ಭಾರತ 2005ರಲ್ಲಿ ಹೇಗ್ ಅಪಾಸ್ಟಿಲ್ ಒಪ್ಪಂದ ಸೇರಿತು. ಒಮಾನ್, ಬಹ್ರೈನ್, ಸೌದಿ ಅರೇಬಿಯಾ ಅದರಲ್ಲಿವೆ. ಅಲ್ಲಿಗೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆ ನಡೆಯುತ್ತದೆ. ದುಬೈಗಾದರೆ ಯುಎಇ ದೂತಾವಾಸದ ದೃಢೀಕರಣವೂ ಬೇಕು. ನಮ್ಮವರು ಎಡವುವುದು ಇನ್ನೊಂದು ಕಡೆ. ಸಾಮಾನ್ಯವಾಗಿ ಪದವಿ ಕೊಟ್ಟ ರಾಜ್ಯದ ಮುದ್ರೆ ಮೊದಲು ಬೀಳಬೇಕು. ಪದವಿ ಧಾರವಾಡದ್ದು, ಬಿ.ಎಡ್. ಪುಣೆಯದು ಎಂದರೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ ಓಡಾಟ. ವೀಸಾಕ್ಕೆ ಕಾಯದೆ ಈಗಲೇ ಶುರುಮಾಡುವುದು ಒಳಿತು.

ಅವಸರದಲ್ಲೇ ಏಜೆಂಟರು ಲಕ್ಷಗಟ್ಟಲೆ ಕೇಳುತ್ತಾರೆ, ತಾಯಂದಿರ ಬಳೆ ಅಡವಿಗೆ ಹೋಗುತ್ತದೆ. ಪರವಾನಗಿ ಇರುವ ಏಜೆಂಟರೂ 30,000 ರೂಪಾಯಿ ಹಾಗೂ ಜಿಎಸ್‌ಟಿ ಮೀರಿ ಸೇವಾಶುಲ್ಕ ಪಡೆಯುವಂತಿಲ್ಲ. ಪರವಾನಗಿ ಇದೆಯೇ ಎಂಬುದನ್ನು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು.

ಇನ್ನು ನನ್ನ ಕಸುಬಿನ ಮಾತು. ಹೊರಟವರ ಸೇವಿಂಗ್ಸ್ ಖಾತೆ ಎನ್‌ಆರ್‌ಒ ಆಗಬೇಕು. ಸಂಬಳ ಕಳಿಸಲು ಎನ್‌ಆರ್‌ಇ ಖಾತೆ ತೆರೆಯಿರಿ, ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ಮನೆಖರ್ಚಿಗೆ ಹಣ ತೆಗೆಯಲು ತಂದೆಗೋ ತಾಯಿಗೋ ಮ್ಯಾಂಡೇಟ್ ಬರೆದುಕೊಟ್ಟೇ ವಿಮಾನ ಹತ್ತಿ. ಆ ಒಂದು ಸಹಿಗಾಗಿ ಹಿರಿಯರು ನಮ್ಮ ಕೌಂಟರಿನಿಂದ ಬರಿಗೈಯಲ್ಲಿ ಮರಳುವುದನ್ನು ಎಷ್ಟೋ ಸಲ ನೋಡಿದ್ದೇನೆ.