ಗೋತ್ರ ಬೇರೆಯಾದರೆ ರಕ್ತ ಬೇರೆಯೇ?

ಮಗಳ ಮಗಳನ್ನೇ ಕಿರಿಮಗನಿಗೆ ತಂದುಕೊಳ್ಳಲು ಹೊರಟಾಗ ನಮ್ಮ ದೊಡ್ಡಮ್ಮ ಜಗುಲಿಯಲ್ಲಿ ಕೂತು ಒಂದೇ ಮಾತಿಗೆ ವಾದ ಮುಗಿಸಿದ್ದರು: “ಹುಡುಗಿ ಕಾಶ್ಯಪ, ಹುಡುಗ ಭಾರದ್ವಾಜ. ಗೋತ್ರವೇ ಬೇರೆ ಅಂದಮೇಲೆ ರಕ್ತ ಒಂದೇ ಹೇಗಾಗುತ್ತೋ?”

ಗೋತ್ರ ಅಪ್ಪನಿಂದ ಬರುತ್ತದೆ; ಅಮ್ಮನದು ಮದುವೆಯ ದಿನವೇ ಬದಲಾಗಿರುತ್ತದೆ. ಧಾರೆ ಎರೆದದ್ದು ವಂಶವಾಹಿಗಳಿಗೆ ಗೊತ್ತಾಗುವುದಿಲ್ಲ. ನಮ್ಮಲ್ಲಿರುವ 23 ಜೊತೆ ವರ್ಣತಂತುಗಳಲ್ಲಿ ಪ್ರತಿ ಜೊತೆಗೂ ಒಂದು ಅಪ್ಪನದು, ಇನ್ನೊಂದು ಅಮ್ಮನದು. ಗೋತ್ರದಂತೆ ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವುದು 46ರಲ್ಲಿ ಒಂದೇ ಒಂದು, ವೈ. (ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವವರು ಇಲ್ಲಿ ಸ್ವಲ್ಪ ನಿಲ್ಲಲಿ; ವೈ ಕೊಡಬೇಕಾದವನು ಅವರ ಮಗ.) ಸೋದರಮಾವನಿಗೂ ಸೋದರಸೊಸೆಗೂ ಸರಾಸರಿ ಕಾಲುಭಾಗ ವಂಶವಾಹಿಗಳು ಒಂದೇ. ಅಜ್ಜನಿಗೂ ಮೊಮ್ಮಗಳಿಗೂ ಇರುವಷ್ಟೇ! ಅತ್ತೆಯ ಮಗ, ಮಾವನ ಮಗಳ ನಡುವೆ ಎಂಟರಲ್ಲೊಂದು ಪಾಲು.

“ನಮ್ಮ ವಂಶದಲ್ಲಿ ಯಾರಿಗೂ ಕಾಯಿಲೆ ಇಲ್ಲ” ಎಂಬುದು ಇನ್ನೊಂದು ಧೈರ್ಯ. ಬರ್ನೋದ ಮಠದ ತೋಟದಲ್ಲಿ ಬಟಾಣಿ ಬೆಳೆದ ಮೆಂಡೆಲ್ 1866ರಲ್ಲೇ ಇದಕ್ಕೆ ಉತ್ತರ ಅಚ್ಚುಹಾಕಿಸಿದ್ದ. ಹಳದಿ ಕಾಳಿನ ಗಿಡವನ್ನೂ ಹಸಿರು ಕಾಳಿನ ಗಿಡವನ್ನೂ ಕೂಡಿಸಿದರೆ ಮೊದಲ ಬೆಳೆ ಪೂರಾ ಹಳದಿ. ಅದರ ಮುಂದಿನ ಬೆಳೆಯಲ್ಲಿ 6,022 ಹಳದಿ, 2,001 ಹಸಿರು. ಹಸಿರು ಎಲ್ಲಿಗೂ ಹೋಗಿರಲಿಲ್ಲ, ಹಳದಿಯ ಮರೆಯಲ್ಲಿತ್ತು. ‘ಪ್ರಬಲ’ ಎಂದರೆ ಜೊತೆಯದನ್ನು ಮರೆಮಾಡುವುದು, ಅಷ್ಟೇ. ಒಳ್ಳೆಯದು ಎಂದಲ್ಲ, ಹೆಚ್ಚು ಜನರಲ್ಲಿ ಇರುವುದು ಎಂದೂ ಅಲ್ಲ. ಕೈಗೆ ಆರು ಬೆರಳು ಎಷ್ಟೋ ಮನೆಗಳಲ್ಲಿ ಪ್ರಬಲ ಗುಣವಾಗಿಯೇ ಇಳಿಯುತ್ತದೆ. ಹಾಗೆಂದು ಊರಿಗೆಲ್ಲ ಆರು ಬೆರಳಿಲ್ಲ.

ಥಲಸ್ಸೀಮಿಯಾ ಆ ಹಸಿರು ಕಾಳಿನ ಜಾತಿಯದು. ಕೆಟ್ಟ ಪ್ರತಿ ಒಂದೇ ಇದ್ದವರು ವಾಹಕರು. ಅವರು ಓಡಾಡಿಕೊಂಡೇ ಇರುತ್ತಾರೆ. ತುಸು ರಕ್ತಹೀನತೆ ಕಂಡರೂ ಕಬ್ಬಿಣದ ಮಾತ್ರೆಯಲ್ಲಿ ಮಾತು ಮುಗಿದುಬಿಡುತ್ತದೆ. ಇಬ್ಬರು ವಾಹಕರು ಕೂಡಿ, ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಸಿಕ್ಕರೆ ಕೆಲವು ವಾರಕ್ಕೊಮ್ಮೆ ರಕ್ತ ಕೊಡಿಸುವ ಬದುಕು. ಇಬ್ಬರೂ ಸಂಬಂಧಿಕರೇ ಆಗಿರಬೇಕೆಂದೇನಿಲ್ಲ. ಸಂಬಂಧದಲ್ಲಾದರೆ ಇಬ್ಬರಲ್ಲೂ ಅದೇ ಪ್ರತಿ ಇರುವ ಸಂಭವ ಹೆಚ್ಚು. ಎಚ್‌ಬಿಎ2 ಎಂಬ ರಕ್ತಪರೀಕ್ಷೆಯಿಂದ ವಾಹಕರನ್ನು ಮದುವೆಗೆ ಮುಂಚೆಯೇ ಗುರುತಿಸಬಹುದು.

ಇಬ್ಬರೂ ವಾಹಕರಾದರೆ ಮಗುವಿಗೆ ಅಪಾಯ ನಾಲ್ಕಕ್ಕೊಂದು ಎಂದು ವೈದ್ಯರು ಹೇಳಿದ್ದನ್ನು “ಒಂದಕ್ಕೆ ಬಂದಾಯ್ತು, ಇನ್ನು ಮೂರಕ್ಕೆ ಭಯವಿಲ್ಲ” ಎಂದು ತಿಳಿಯುವವರಿದ್ದಾರೆ. ಚೌಕಾಬಾರ ಆಡಿದವರಿಗೆ ಗೊತ್ತು, ಕವಡೆಗೆ ಹಿಂದಿನ ಗರ ನೆನಪಿರುವುದಿಲ್ಲ. ಪ್ರತಿ ಬಸಿರಿಗೂ ಲೆಕ್ಕ ಮೊದಲಿನಿಂದ.

ಅಂದಹಾಗೆ, ಆ ಮದುವೆ ಆಯಿತು. ಇಬ್ಬರು ಮಕ್ಕಳು, ಗಟ್ಟಿಮುಟ್ಟಾಗಿದ್ದಾರೆ. ದೊಡ್ಡಮ್ಮ ಈಗಲೂ ನನ್ನೆದುರು ಅವರನ್ನೇ ಸಾಕ್ಷಿಗೆ ನಿಲ್ಲಿಸುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರೇ ಆಗಿದ್ದರೂ ಎರಡು ಮಕ್ಕಳೂ ಆ ಕಾಯಿಲೆಯಿಲ್ಲದೆ ಹುಟ್ಟುವ ಸಂಭವ 16ಕ್ಕೆ 9 ಎಂದು ನಾನು ಇನ್ನೂ ಅವರಿಗೆ ಹೇಳಿಲ್ಲ.