ಕಾಲ್ನಡೆಯ ಪ್ರವಾಸವೂ ಜೊತೆಗೊಯ್ಯುವ ವಾದ್ಯವೂ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಕೋಶ ಓದುವ ಕೆಲಸವನ್ನು ಕಾಲೇಜು ಸೇರಿದ ನಾವೆಲ್ಲರೂ ಅವರವರ ಶಕ್ತಿಗೆ ತಕ್ಕಂತೆ ಮಾಡುತ್ತಲೇ ಇದ್ದೇವೆ. ದೇಶ ಸುತ್ತುವ ಆಸೆಯೂ ತರುಣರಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿ. ರಜಾ ಬಂದಿತೆಂದರೆ ಬೆನ್ನಿಗೊಂದು ಚೀಲ ಏರಿಸಿಕೊಂಡು ಕೊಡಗಿನ ಬೆಟ್ಟಗಳಿಗೋ, ಮಲೆನಾಡಿನ ಘಟ್ಟಗಳಿಗೋ, ಹಿಮಾಲಯದ ತಪ್ಪಲಿಗೋ ನಾಲ್ಕಾರು ಮಂದಿ ಕೂಡಿ ಹೊರಡುವುದು ಈಗ ಸಾಮಾನ್ಯವಾಗಿದೆ. ಅಂಥ ಗುಂಪಿನಲ್ಲಿ ಹಾಡುವವನೊಬ್ಬ, ಕೊಳಲೂದುವವನೊಬ್ಬ ಇದ್ದೇ ಇರುತ್ತಾನೆ. ಹೊರಡುವ ಹಿಂದಿನ ದಿನ ಅವನಿಗೊಂದು ಪ್ರಶ್ನೆ ಏಳುತ್ತದೆ: ವಾದ್ಯವನ್ನು ಜೊತೆಗೊಯ್ಯಬೇಕೆ, ಮನೆಯಲ್ಲೇ ಬಿಡಬೇಕೆ? ಒಯ್ಯುವುದಾದರೆ ಎಂಥದು? ಈ ಪ್ರಶ್ನೆಯನ್ನು ಸ್ವಲ್ಪ ಕ್ರಮವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಭಾರದ ಲೆಕ್ಕವನ್ನು ನೋಡೋಣ. ದಿನಗಟ್ಟಲೆ ನಡೆಯುವವನು ತನ್ನ ದೇಹದ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಹೊರಬಾರದೆಂದು ಅನುಭವಿಗಳು ಸಾಮಾನ್ಯವಾಗಿ ಹೇಳುತ್ತಾರೆ. 55 ಕಿಲೋ ತೂಗುವ ವಿದ್ಯಾರ್ಥಿಗೆ ಇದು 11 ಕಿಲೋ ಆಯಿತು. ಇದರಲ್ಲಿ ಎರಡು ಲೀಟರು ನೀರೇ ಎರಡು ಕಿಲೋ. ಹೊದಿಕೆ, ಮಳೆಯಂಗಿ, ಬಟ್ಟೆ, ಬುತ್ತಿ, ಔಷಧಿ ಇವೆಲ್ಲ ಸೇರಿದ ಮೇಲೆ ಉಳಿಯುವುದು ಬಹಳವೆಂದರೆ ಒಂದು ಕಿಲೋ. ದೊಡ್ಡ ಗಿಟಾರು ಎರಡು ಕಿಲೋಗೆ ಕಡಿಮೆ ಬಾರದು. ಉದ್ದ ಒಂದು ಮೀಟರು. ಕಾಡುದಾರಿಯಲ್ಲಿ ಬಾಗಿದಾಗಲೆಲ್ಲ ಕೊಂಬೆಗೆ ತಗಲುತ್ತದೆ. ಹಾರ್ಮೋನಿಯಂ, ತಬಲಾಗಳ ಮಾತನ್ನೇ ಆಡಬೇಕಾಗಿಲ್ಲ. ಹೊತ್ತವನಿಗೇ ಗೊತ್ತು ಹೊರೆಯ ಭಾರ.

ಎರಡನೆಯದು ಹವೆಯ ಲೆಕ್ಕ. ಮನೆಯ ಮೂಲೆಯಲ್ಲಿ ಸುಖವಾಗಿ ಕುಳಿತ ವಾದ್ಯಕ್ಕೆ ಬಿಸಿಲು, ಮಳೆ, ಮಂಜುಗಳ ಪರಿಚಯವಿರುವುದಿಲ್ಲ. ಮರವು ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಅಂಟಿಸಿದ ಭಾಗಗಳು ಬಿಡುತ್ತವೆ. ನಮ್ಮ ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ; ಕಡುಬಿಸಿಲಿನಲ್ಲಿಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲು ಕದಲುತ್ತವೆ. ಚರ್ಮವಾದ್ಯಗಳು ಥಂಡಿಗೆ ಸಡಿಲವಾಗುತ್ತವೆ. ತಮಟೆ ಬಾರಿಸುವವರು ಮೊದಲು ಒಣಹುಲ್ಲಿನ ಬೆಂಕಿಗೆ ಅದನ್ನು ಹಿಡಿಯುವುದನ್ನು ನಾವೆಲ್ಲರೂ ಹಬ್ಬದಲ್ಲಿ ಕಂಡಿದ್ದೇವೆ. ಇನ್ನು ಶಾಖದ ವಿಷಯ. ಗಾಳಿಯ ಶಾಖ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದರಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 0.6 ಮೀಟರು ಹೆಚ್ಚುತ್ತದೆ. ಆದುದರಿಂದ ಕೊಳಲಿನ ಶ್ರುತಿ ಏರುತ್ತದೆ. ಲೋಹದ ತಂತಿಯಾದರೋ ಕಾದಾಗ ಹಿಗ್ಗಿ ಸಡಿಲವಾಗುವುದರಿಂದ ಅದರ ಶ್ರುತಿ ಇಳಿಯುತ್ತದೆ. ಬೆಳಿಗ್ಗೆ ಬೆಟ್ಟದ ಚಳಿಯಲ್ಲಿ ಕೂಡಿಸಿಕೊಂಡ ಕೊಳಲೂ ತಂತಿಯೂ ಮಧ್ಯಾಹ್ನ ಬಯಲಿಗಿಳಿದಾಗ ಒಂದು ಮೇಲಕ್ಕೂ ಒಂದು ಕೆಳಕ್ಕೂ ಹೋಗಿ ಜಗಳವಾಡುವುದಕ್ಕೆ ಇದೇ ಕಾರಣ.

ಮೂರನೆಯ ಲೆಕ್ಕವನ್ನು ಪುಸ್ತಕಗಳಲ್ಲಿ ಯಾರೂ ಬರೆಯುವುದಿಲ್ಲವಾದರೂ ಅದೇ ಮುಖ್ಯವಾದುದು. ಇಪ್ಪತ್ತು ಕಿಲೋಮೀಟರು ನಡೆದು, ಕಾಲು ಬಾತು, ಅನ್ನಕ್ಕೆ ಎಸರಿಟ್ಟು ಕುಳಿತ ಹೊತ್ತಿನಲ್ಲಿ ಆ ವಾದ್ಯವನ್ನು ಎತ್ತಿಕೊಳ್ಳುವ ಮನಸ್ಸು ಬರುತ್ತದೆಯೆ? ಚೀಲದ ತಳದಲ್ಲಿ, ಮೂರು ಬಟ್ಟೆಗಳೊಳಗೆ ಸುತ್ತಿಟ್ಟು, ಹೊರತೆಗೆದರೆ ಅರ್ಧ ಗಂಟೆ ಶ್ರುತಿ ಮಾಡಬೇಕಾದ ವಾದ್ಯವು ಚೀಲದ ತಳದಲ್ಲಿಯೇ ಉಳಿಯುತ್ತದೆ. ಅದು ಎಷ್ಟು ಹಗುರವಾಗಿದ್ದರೂ ಬರಿಯ ಹೊರೆಯೇ ಸರಿ.

ಈ ಮೂರು ಲೆಕ್ಕಗಳನ್ನೂ ಮಾಡಿ ಮುಗಿಸಿದವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಅವರಿಗೆ ನಡೆಯುವುದು ಹವ್ಯಾಸವಾಗಿರಲಿಲ್ಲ, ಬದುಕಾಗಿತ್ತು. ಎಲ್ಲಮ್ಮನ ಭಕ್ತರ ಚೌಡಿಕೆಯನ್ನು ನೋಡಿರಿ: ಒಂದು ಮರದ ಕೊಳಗ, ತಳಕ್ಕೆ ಚರ್ಮ, ನಡುವೆ ಒಂದೇ ಒಂದು ತಂತಿ. ಕಂಕುಳಲ್ಲಿ ಅವುಚಿಕೊಂಡು ನಡೆಯುತ್ತಲೇ ಮೀಟಬಹುದು. ಮೈಲಾರಲಿಂಗನ ಗೊರವರಿಗೆ ಒಂದು ಡಮರು, ಒಂದು ಕೊಳಲು. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರಿಗೆ ಹೆಗಲಿಗೊರಗುವ ತಂಬೂರಿ. ದಾಸರಿಗೆ ತಂಬೂರಿ, ಚಿಟಿಕೆ, ಕಾಲಿನ ಗೆಜ್ಜೆ. ಕೈ, ಹೆಗಲು, ಕಾಲು ಮೂರಕ್ಕೂ ಕೆಲಸ ಹಂಚಿದ ಈ ಏರ್ಪಾಡಿನಲ್ಲಿ ಒಬ್ಬನೇ ಮನುಷ್ಯನು ಒಂದು ಮೇಳವಾಗುತ್ತಾನೆ. ಮಹಾರಾಷ್ಟ್ರದ ಆಳಂದಿಯಿಂದ ಪಂಢರಪುರಕ್ಕೆ ಆಷಾಢ ಏಕಾದಶಿಗೆ ಸೇರುವಂತೆ ಸುಮಾರು 250 ಕಿಲೋಮೀಟರು ದಾರಿಯನ್ನು ಮೂರು ವಾರಗಳ ಕಾಲ ನಡೆಯುವ ವಾರಕರಿಗಳ ತಂಡಗಳಲ್ಲಿಯೂ ತಾಳ, ಮೃದಂಗ, ವೀಣೆಯೆಂದು ಅವರು ಕರೆಯುವ ಸಣ್ಣ ತಂತಿವಾದ್ಯ ಇವು ಕಾಲಿನೊಡನೆಯೇ ಸಾಗುತ್ತವೆ.

ನಮ್ಮ ಸೀಮೆಯವರಿಗೆ ಚಿರಪರಿಚಿತವಾದುದು ಕಂಸಾಳೆ. ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟಕ್ಕೆ ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಕಾಲ್ನಡೆಯಲ್ಲಿ ಹೋಗುವ ಪರಿಷೆ ಇಂದಿಗೂ ನಿಂತಿಲ್ಲ. ಆ ದೇವರ ಹೆಸರಿನಲ್ಲಿ ದೀಕ್ಷೆ ಪಡೆದ ದೇವರಗುಡ್ಡರು ಹಿಡಿಯುವ ಕಂಚಿನ ತಾಳವೇ ಕಂಸಾಳೆ. ಎಡಗೈಯಲ್ಲಿ ಬಟ್ಟಲಿನಾಕಾರದ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆಯಾದ ತಾಳ. ಮಳೆ ಬಂದರೆ ಒರೆಸಿದರಾಯಿತು, ಬಿದ್ದರೆ ಎತ್ತಿಕೊಂಡರಾಯಿತು, ಶ್ರುತಿ ಮಾಡುವ ಗೋಜಿಲ್ಲ. ನಮ್ಮ ತಾತನವರು ಐವತ್ತು ವರ್ಷ ಅದನ್ನು ಹಿಡಿದು ಬೆಟ್ಟಕ್ಕೆ ನಡೆದವರು. ಅಷ್ಟು ದೂರ ಅದನ್ನು ಹೊರುವುದು ಭಾರವಲ್ಲವೆ ಎಂದು ನಾನೊಮ್ಮೆ ಕೇಳಿದಾಗ, "ಕಾಲು ಸೋತಾಗ ತಾಳನೇ ನಡಸ್ತದ ಕನ ಮಗ" ಎಂದರು. ಇದು ಭಕ್ತಿಯ ಮಾತಷ್ಟೇ ಅಲ್ಲ. ಹತ್ತು ಮಂದಿ ಒಂದು ತಾಳಕ್ಕೆ ಹೆಜ್ಜೆ ಹಾಕುವಾಗ ಮುಂದಿನವನು ಓಡುವುದಿಲ್ಲ, ಹಿಂದಿನವನು ಉಳಿಯುವುದಿಲ್ಲ. ಮನಸ್ಸು ನೋವಿನ ಕಡೆಗೆ ಹೋಗದೆ ಹಾಡಿನ ಮುಂದಿನ ಸೊಲ್ಲಿನ ಕಡೆಗೆ ಹೋಗುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನು ಮೊದಲನೆಯವನು. ಆದರೆ ಆ ಹಾಡನ್ನು ತಾತನ ಬಾಯಿಂದ ಕೇಳಿದವರಲ್ಲಿ ನಾನೇ ಕಡೆಯವನೂ ಹೌದು. ಒಂದನ್ನು ಪಡೆಯುವುದಕ್ಕೆ ಮತ್ತೊಂದನ್ನು ತೆರಲೇಬೇಕೆಂಬ ನಿಯಮವೇನೂ ಇಲ್ಲವೆಂದು ನಾನು ತಿಳಿದಿದ್ದೇನೆ.

ಹೊರದೇಶಗಳ ಕಡೆ ಕಣ್ಣು ಹಾಯಿಸಿದರೂ ಇದೇ ಗುಣಗಳುಳ್ಳ ವಾದ್ಯಗಳೇ ದೂರ ಹೋಗಿವೆ. 1879ರಲ್ಲಿ ಪೋರ್ಚುಗಲ್ಲಿಗೆ ಸೇರಿದ ಮದೀರಾ ದ್ವೀಪದಿಂದ ಕಬ್ಬಿನ ತೋಟಗಳಲ್ಲಿ ದುಡಿಯಲೆಂದು ಹಡಗಿನಲ್ಲಿ ಹವಾಯಿಗೆ ಬಂದ ಜನರು ತಮ್ಮ ಊರಿನ ಪುಟ್ಟ ನಾಲ್ಕು ತಂತಿಯ ವಾದ್ಯವನ್ನು ಒಯ್ದರು. ಅದರಿಂದಲೇ ಇಂದು ಲೋಕವೆಲ್ಲ ಬಲ್ಲ ಯುಕುಲೇಲೆ ಹುಟ್ಟಿತು. ಈಗ ಅದಕ್ಕೆ ನೈಲಾನ್ ತಂತಿ. ತೂಕ ಅರ್ಧ ಕಿಲೋ ಆಸುಪಾಸು. ಅದಕ್ಕಿಂತಲೂ ಚಿಕ್ಕದು ಮೌತ್‌ಆರ್ಗನ್. ಜರ್ಮನಿಯ ಟ್ರೋಸಿಂಗನ್ ಎಂಬ ಊರಿನಲ್ಲಿ ಮಥಾಯಸ್ ಹೋನರ್ ಎಂಬ ಗಡಿಯಾರದ ಕೆಲಸಗಾರನು 1857ರಲ್ಲಿ ಇದರ ತಯಾರಿಕೆಯನ್ನು ಆರಂಭಿಸಿದನು. ಅಂಗಿಯ ಜೇಬಿನಲ್ಲಿ ಅಡಗುವ ಈ ವಾದ್ಯ ಎಲ್ಲಿಯವರೆಗೆ ಪ್ರಯಾಣ ಮಾಡಿತೆಂದರೆ, 1965ರ ಡಿಸೆಂಬರ್ 16ರಂದು ಜೆಮಿನಿ-6 ನೌಕೆಯಲ್ಲಿ ಭೂಮಿಯನ್ನು ಸುತ್ತುತ್ತಿದ್ದ ಷೀರಾ ಮತ್ತು ಸ್ಟಾಫರ್ಡ್ ಎಂಬ ಗಗನಯಾತ್ರಿಗಳು ಯಾರಿಗೂ ತಿಳಿಸದೆ ಒಯ್ದಿದ್ದ ಮೌತ್‌ಆರ್ಗನ್ ಮತ್ತು ಕಿರುಗೆಜ್ಜೆಗಳನ್ನು ನುಡಿಸಿದರು. ಅಂತರಿಕ್ಷದಲ್ಲಿ ಮೊತ್ತಮೊದಲು ನುಡಿದ ವಾದ್ಯಗಳು ಅವೇ.

ಹಾಗಾದರೆ ಹಗುರವಾದುದೇ ಶ್ರೇಷ್ಠವೆಂದು ತೀರ್ಮಾನಿಸೋಣವೆ? ಇದಕ್ಕೆ ಒಂದು ಪ್ರಬಲವಾದ ಅಪವಾದವುಂಟು. ದಕ್ಷಿಣ ಧ್ರುವಖಂಡವನ್ನು ದಾಟಲು ಹೊರಟ ಷ್ಯಾಕಲ್‌ಟನ್ನನ ಎಂಡ್ಯೂರೆನ್ಸ್ ಎಂಬ ಹಡಗು ಹಿಮದಲ್ಲಿ ಸಿಕ್ಕಿ ನಜ್ಜುಗುಜ್ಜಾಗಿ, 1915ರ ಅಕ್ಟೋಬರ್ 27ರಂದು ಅದನ್ನು ಬಿಟ್ಟು 28 ಮಂದಿಯೂ ಹಿಮದ ಮೇಲಿಳಿಯಬೇಕಾಯಿತು. ಪ್ರತಿಯೊಬ್ಬನೂ ಎರಡು ಪೌಂಡಿಗಿಂತ, ಎಂದರೆ ಒಂದು ಕಿಲೋಗಿಂತಲೂ ಕಡಿಮೆ, ಸ್ವಂತ ಸಾಮಾನನ್ನು ಮಾತ್ರ ಉಳಿಸಿಕೊಳ್ಳಬೇಕೆಂದು ನಾಯಕನ ಆಜ್ಞೆಯಾಯಿತು. ಚಿನ್ನದ ನಾಣ್ಯಗಳನ್ನು ಅವನೇ ಹಿಮಕ್ಕೆಸೆದನು. ಆದರೆ ಹವಾವಿಜ್ಞಾನಿ ಹಸ್ಸಿಯ ಬ್ಯಾಂಜೊ ವಾದ್ಯವು ಸುಮಾರು 12 ಪೌಂಡು ತೂಗುತ್ತಿದ್ದರೂ ಅದನ್ನು ಬಿಡಲಾಗದೆಂದು ಅವನೇ ಹಟ ಹಿಡಿದು ಉಳಿಸಿದನು. ಮುಂದೆ ಎಲಿಫೆಂಟ್ ದ್ವೀಪದಲ್ಲಿ 22 ಮಂದಿ ಮಗುಚಿದ ದೋಣಿಗಳ ಕೆಳಗೆ ಸೀಲಿನ ಮಾಂಸ ತಿಂದುಕೊಂಡು, 1916ರ ಆಗಸ್ಟ್ 30ರಂದು ನೆರವು ಬರುವವರೆಗೆ ನಾಲ್ಕು ತಿಂಗಳಿಗೂ ಮೇಲ್ಪಟ್ಟು ದಿನ ಕಳೆದಾಗ, ಆ ಬ್ಯಾಂಜೊ ಅವರ ಶನಿವಾರದ ಕಚೇರಿಗಳನ್ನು ನಡೆಸಿತು. ಆ ಇಪ್ಪತ್ತೆರಡು ಮಂದಿಯೂ ಬದುಕಿ ಬಂದರು. ಬ್ಯಾಂಜೊ ಈಗ ಇಂಗ್ಲೆಂಡಿನ ಗ್ರೀನಿಚ್‌ನಲ್ಲಿರುವ ನೌಕಾ ವಸ್ತುಸಂಗ್ರಹಾಲಯದಲ್ಲಿದೆ. ಅದರಿಂದಲೇ ಅವರು ಬದುಕಿದರೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಸಾಮಾನಿನ ಪಟ್ಟಿಯಲ್ಲಿ ಔಷಧಿಯ ಪೆಟ್ಟಿಗೆಯ ಪಕ್ಕದಲ್ಲಿ ಹಾಡಿಗೂ ಒಂದು ಸ್ಥಳವಿದೆಯೆಂಬುದು ಇದರಿಂದ ಸಿದ್ಧವಾಗುತ್ತದೆ. ಷ್ಯಾಕಲ್‌ಟನ್ನನು ತೂಗಿದ್ದು ವಾದ್ಯದ ಭಾರವನ್ನಲ್ಲ, ಅದನ್ನು ಕೇಳುವವರ ಸಂಖ್ಯೆಯನ್ನು.

ಈಗ ಕೈಯಲ್ಲಿರುವ ಫೋನಿನಲ್ಲಿಯೇ ಸಾವಿರ ಹಾಡುಗಳಿರುವಾಗ, ತಂಬೂರಿಯ ಶ್ರುತಿಯೂ ಅದರಲ್ಲಿಯೇ ದೊರೆಯುವಾಗ, ಈ ತೊಂದರೆಯೆಲ್ಲ ಏಕೆಂದು ಕೆಲವರು ಕೇಳಬಹುದು. ಕಾಡಿನಲ್ಲಿ ಅದಕ್ಕೆ ವಿದ್ಯುತ್ತು ತುಂಬುವ ಅನುಕೂಲವಿಲ್ಲ. ದಾರಿ ತಪ್ಪಿದಾಗ ಬೇಕಾಗುವ ಅದರ ಶಕ್ತಿಯನ್ನು ಹಾಡಿಗಾಗಿ ಖರ್ಚು ಮಾಡುವುದು ವಿವೇಕವಲ್ಲ. ಮೇಲಾಗಿ ಫೋನಿನ ಹಾಡನ್ನು ಕೇಳಿ ಯಾರೂ ಜಗಲಿಯಿಂದೆದ್ದು ಬರುವುದಿಲ್ಲ. ಒಂದು ಕೊಳಲಿನ ದನಿ ಕೇಳಿದರೆ ಯಾವ ಹಳ್ಳಿಯಲ್ಲಾದರೂ ನಾಲ್ಕು ಮಕ್ಕಳು ಸುತ್ತ ಸೇರುತ್ತಾರೆ; ಒಬ್ಬ ಅಜ್ಜಿ ತನಗೆ ಗೊತ್ತಿರುವ ಸೋಬಾನೆ ಪದ ಹೇಳುತ್ತಾಳೆ. ಊರಿಂದೂರಿಗೆ ಹೋಗುವವನು ಊರಿನವರಿಂದ ನೀರು, ನೆರಳು, ಊಟಗಳನ್ನು ಪಡೆಯುತ್ತಾನೆ. ಪ್ರತಿಯಾಗಿ ಕೊಡಲು ಅವನಲ್ಲಿ ಏನಾದರೊಂದು ಇರುವುದು ಒಳ್ಳೆಯದಲ್ಲವೆ?

ಆಯ್ಕೆಯ ಬಗ್ಗೆ ಕೆಲವು ಮಾತುಗಳು. ಕೊಳಲು ಕಲಿತವರಿಗೆ ಬಿದಿರಿನ ಗಿಡ್ಡ ಕೊಳಲಿಗಿಂತ ಉತ್ತಮವಾದ ಸಂಗಾತಿಯಿಲ್ಲ. ಅದು ಒಣಹವೆಯಲ್ಲಿ ಸೀಳದಂತೆ ಆಗಾಗ ಎಣ್ಣೆ ಸವರಬೇಕು. ಪೆಟ್ಟು ತಗಲದಂತೆ ಗಟ್ಟಿಯಾದ ಕೊಳವೆಯೊಂದರಲ್ಲಿಡಬೇಕು. ಚಳಿಯಲ್ಲಿ ನುಡಿಸುವ ಮೊದಲು ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು. ಮೌತ್‌ಆರ್ಗನ್ನಿನ ಬಿಳಿಯ ಸ್ವರಗಳಲ್ಲಿ ಶಂಕರಾಭರಣದ ಮೇಳವಷ್ಟೇ ಸಹಜವಾಗಿ ದೊರೆಯುವುದರಿಂದ ನಮ್ಮ ಗಮಕಗಳಿಗೆ ಅದು ಒಗ್ಗದು. ಸಿನಿಮಾ ಹಾಡುಗಳಿಗೆ ಸಾಕು. ತಿಂಡಿ ತಿಂದ ಕೂಡಲೇ ಊದಿದರೆ ಅದರ ನಾಲಗೆಗಳಿಗೆ ಚೂರು ಸಿಕ್ಕಿ ದನಿ ನಿಲ್ಲುತ್ತದೆ. ಲಯದಲ್ಲಿ ಆಸಕ್ತಿಯುಳ್ಳವರಿಗೆ ಮುಷ್ಟಿಯಲ್ಲಡಗುವ ಮೋರ್ಸಿಂಗ್ ಇದೆ. ಅದರ ಉಕ್ಕಿನ ನಾಲಗೆ ಬಾಗದಂತೆ ಚಿಕ್ಕ ಡಬ್ಬಿಯಲ್ಲಿಟ್ಟರೆ ಸಾಕು. ಖಂಜಿರವೂ ಚಿಕ್ಕದೇ. ಆದರೆ ಹಿಂದೆ ಅದಕ್ಕೆ ಹಾಕುತ್ತಿದ್ದುದು ಉಡದ ಚರ್ಮ. ಉಡವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಒಳಪಟ್ಟ ಪ್ರಾಣಿ. ಆದಕಾರಣ ಮೇಕೆಯ ಚರ್ಮದ ಅಥವಾ ಕೃತಕ ಹೊದಿಕೆಯ ಖಂಜಿರವನ್ನೇ ಒಯ್ಯಬೇಕು. ಏನೂ ಕಲಿಯದವನು ಒಂದು ಜೊತೆ ತಾಳ ಒಯ್ಯಲಿ. ಯಾವುದೇ ಆಗಲಿ, ಚೀಲದ ಮೇಲ್ಭಾಗದಲ್ಲಿ ಕೈಗೆ ಸಿಕ್ಕುವಂತಿರಬೇಕು.

ಒಂದು ಎಚ್ಚರಿಕೆ. ರಕ್ಷಿತಾರಣ್ಯಗಳಲ್ಲಿ ವಾದ್ಯಕ್ಕೆ ಬಾಯಿ ಕಟ್ಟಿರಬೇಕು. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡನ್ನು 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ಆನೆಗಳು ಓಡಾಡುವ ಕಡೆ ಕಿವಿಯೇ ಪ್ರವಾಸಿಯ ರಕ್ಷಕ. ಸದ್ದು ಮಾಡಿದವನಿಗೆ ಸದ್ದು ಕೇಳಿಸದು. ಊರುಗಳಲ್ಲಿಯೂ ದುಡಿದು ಬಂದವರು ಮಲಗುವ ಹೊತ್ತನ್ನು ಅರಿತು ನಡೆಯಬೇಕು.

ಬರುವ ರಜೆಯಲ್ಲಿ ಹೊರಡುವ ಸಹಪಾಠಿ ಮಿತ್ರರಲ್ಲಿ ನನ್ನದೊಂದು ವಿನಂತಿ. ವಾದ್ಯ ಕೊಳ್ಳಲು ಪೇಟೆಗೆ ಹೋಗುವ ಮೊದಲು ನಿಮ್ಮ ಮನೆಯ ಅಟ್ಟವನ್ನೂ ಗೋಡೆಯ ಗೂಟವನ್ನೂ ಒಮ್ಮೆ ನೋಡಿರಿ. ಒಂದು ತಂಬೂರಿಯೋ, ಚಿಟಿಕೆಯೋ, ಡಮರುವೋ ಅಲ್ಲಿ ಧೂಳು ಹಿಡಿದು ಕುಳಿತಿರಬಹುದು. ಅದು ನಿಮಗಿಂತ ಹೆಚ್ಚು ದಾರಿ ನಡೆದಿದೆ. ದೀಕ್ಷೆಯ ವಾದ್ಯವಾಗಿದ್ದರೆ ಹಿರಿಯರ ಅಪ್ಪಣೆಯಿಲ್ಲದೆ ಮುಟ್ಟಬೇಡಿರಿ. ಅವರ ಬಳಿ ಕುಳಿತು ಆ ಹಾಡನ್ನಾದರೂ ಕೇಳಿ ಬರೆದುಕೊಳ್ಳಿರಿ. ಅಕ್ಷರ ಕಲಿತ ನಮ್ಮಿಂದ ಅಷ್ಟು ಆಗಬೇಕು. ಒಂದು ಹಾಳೆಯ ತೂಕವನ್ನು ಯಾವ ಹೆಗಲೂ ಭಾರವೆನ್ನುವುದಿಲ್ಲ.