ಸೋರುವ ಗಾಲಿಮನೆ

ಅಮೆರಿಕಾ ದೇಶದಲ್ಲಿ ಮೋಟಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆಗಳುಂಟು. ಅವಕ್ಕೆ ಟ್ರಾವೆಲ್ ಟ್ರೈಲರ್ ಎಂದು ಹೆಸರು. ಮಂಚ, ಒಲೆ, ನೀರಿನ ತೊಟ್ಟಿ ಎಲ್ಲವೂ ಅದರೊಳಗೇ ಇರುತ್ತವೆ. 1936ರಲ್ಲಿ ಹೊರಬಂದ ಏರ್‌ಸ್ಟ್ರೀಮ್ ಕ್ಲಿಪ್ಪರ್ ಇವುಗಳಲ್ಲಿ ಪ್ರಸಿದ್ಧವಾದುದು. ಅದರ ಮೈ ರಿವೆಟ್ಟು ಹೊಡೆದ ಅಲ್ಯೂಮಿನಿಯಂ ತಗಡು.

ಇಂಥ ಮನೆಗೆ ನೀರೇ ದೊಡ್ಡ ಶತ್ರು. ದಾರಿಯ ಕುಲುಕಾಟಕ್ಕೆ ಸಂದುಗಳು ಸಡಿಲವಾಗುತ್ತವೆ. ಅವಕ್ಕೆ ಮೆತ್ತಿದ ಅಂಟು ಬಿಸಿಲಿಗೆ ಬಿರಿಯುತ್ತದೆ. ಒಳಗಿಳಿದ ನೀರು ನೆಲದ ಪ್ಲೈವುಡ್ ಹಲಗೆಯನ್ನು ಸದ್ದಿಲ್ಲದೆ ಕೊಳೆಸುತ್ತದೆ. ಕಾಲಡಿಯ ನೆಲ ಕುಸಿದಾಗಲೇ ಎಷ್ಟೋ ಯಜಮಾನರಿಗೆ ಎಚ್ಚರ!

ತೊಡಕೇನೆಂದರೆ, ನೀರು ತೊಟ್ಟಿಕ್ಕುವ ಸ್ಥಳವೇ ಸೋರುವ ಸ್ಥಳವಾಗಿರಬೇಕೆಂದಿಲ್ಲ. ಚಾವಣಿಯ ಗವಾಕ್ಷಿಯ ಬಳಿ ಹೊಕ್ಕ ಹನಿ, ಗೋಡೆಯೊಳಗಿನ ಚೌಕಟ್ಟನ್ನು ಹಿಡಿದು ಹರಿದು, ದೂರದ ಮಂಚದ ಕೆಳಗೆ ಕಾಣಿಸೀತು.

ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ, ಒದ್ದೆಯಾಗುವುದು ಯಾವಾಗ? ಮಳೆಯಲ್ಲಿ ಮಾತ್ರವಾದರೆ ದೋಷ ಮನೆಯ ಮೈಯಲ್ಲಿದೆ. ಮಳೆಯಿಲ್ಲದೆಯೂ ಒದ್ದೆಯಾದರೆ ನಲ್ಲಿಗಳನ್ನೆಲ್ಲ ಮುಚ್ಚಿ ಪಂಪಿಗೆ ಕಿವಿಗೊಡಬೇಕು. ಅದು ಆಗಾಗ್ಗೆ ತಾನಾಗಿ ಓಡುತ್ತಿದ್ದರೆ ಕೊಳವೆಯನ್ನು ಶಂಕಿಸಬೇಕು. ಚಳಿಯ ಮುಂಜಾವಿನಲ್ಲಿ ಮಾತ್ರ ಗೋಡೆ ಬೆವರಿದರೆ ಅದು ಸೋರಿಕೆಯೇ ಅಲ್ಲದಿರಬಹುದು. ಉಸಿರಿನ, ಅಡಿಗೆಯ ಆವಿ ತಣ್ಣನೆಯ ತಗಡಿಗೆ ತಾಗಿ ನೀರಾಗಿರುತ್ತದೆ.

ಮೈಯ ರಂಧ್ರವನ್ನು ಹಿಡಿಯಲು ಸುಲಭವಾದ ಉಪಾಯವೊಂದಿದೆ. ಕಿಟಕಿ ಬಾಗಿಲು ಮುಚ್ಚಿ, ಯಂತ್ರದಿಂದ ಒಳಗೆ ಹದವಾಗಿ ಗಾಳಿ ತುಂಬಿ, ಹೊರಗಿನ ಸಂದುಗಳಿಗೆ ಸಾಬೂನು ನೀರು ಸವರಬೇಕು. ಗುಳ್ಳೆ ಎದ್ದಲ್ಲಿ ರಂಧ್ರ! ಸೈಕಲ್ಲಿನ ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಅದ್ದಿ ಪಂಕ್ಚರ್ ಹುಡುಕುವುದನ್ನು ನಾವೆಲ್ಲರೂ ನೋಡಿಲ್ಲವೆ? ತತ್ತ್ವ ಅದೇ.

ಪರಿಣಾಮ ಕಂಡಲ್ಲೇ ಕಾರಣವಿದೆಯೆಂದು ನಂಬುವುದು ಮನುಷ್ಯಸ್ವಭಾವ. ಹಾಗೆ ನಂಬಿ ಕಂಡಲ್ಲಿ ಅಂಟು ಬಳಿದವನ ಮನೆ ಮರುಮಳೆಗೆ ಮತ್ತೆ ಸೋರುತ್ತದೆ. ಒಂದೊಂದೇ ಸಂಶಯವನ್ನು ಪರೀಕ್ಷಿಸಿ ಕಳೆದವನ ಮನೆ ಉಳಿಯುತ್ತದೆ.